ಪಾಳಿ ಕೇಳದೆ ಉರುಳಿಸಿದ ದಾಳ

ನನ್ನನ್ನು ಕೊಂದವನು ನನ್ನ ಅಳಿಯ. ಆಟದಲ್ಲೇ ಕೊಂದ, ಆ ಮಾತು ಖರೆ. ಆದರೆ ಕೊಂದ ರೀತಿ ಆಟದ್ದಲ್ಲ. ದಾಳ ಉರುಳಿಸುವ ಮೊದಲು ಮೇಜಿನ ಸುತ್ತ ಕೂತ ಎಲ್ಲರನ್ನೂ ಕೇಳಬೇಕು. ನನ್ನೊಬ್ಬಳನ್ನು ಕೇಳಲಿಲ್ಲ. ಇಷ್ಟನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬರೆಯಲು ಕೂತರೆ ಒಂದೊಂದು ಅಕ್ಷರಕ್ಕೂ ಹೊತ್ತು ಬೇಕು. ಸಿಟ್ಟು ಇದ್ದಾಗ ಮಾತ್ರ ಬೇಗ ಕೂಡುತ್ತವೆ.

ನನ್ನ ಮನೆ ನಾಸಿಕದಲ್ಲಿ, ಸಾತಪುರದ ಕಡೆ. ನಮ್ಮವರು ಓಝರ್‌ನ ಕಾರ್ಖಾನೆಯಲ್ಲಿ ವಿಮಾನದ ಕೆಲಸ ಮಾಡಿ ನಿವೃತ್ತರಾದರು, ಆಮೇಲೆ ತೀರಿಕೊಂಡರು. ಈಗ ಮಗನ ಕೂಡ ಇದ್ದೇನೆ. ಮಗಳನ್ನು ಸಂಭಾಜಿನಗರಕ್ಕೆ ಕೊಟ್ಟಿದ್ದೇವೆ. ಹೋದ ಮಳೆಗಾಲದಲ್ಲಿ ಆಕೆ ಮೆಟ್ಟಿಲ ಮೇಲೆ ಜಾರಿ ಕಾಲಿನ ಹರಡು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು. ಮನೆ ನೋಡಿಕೊಳ್ಳುವವರು ಯಾರು? ನಾನೇ. ಎರಡು ಸೀರೆ ಹೆಚ್ಚಿಗೆ ಇಟ್ಟುಕೊಂಡು ಬಸ್ಸು ಹತ್ತಿದೆ.

ಅಳಿಯನದು ಮೂಲ ವಿಜಯಪುರದ ಕಡೆ. ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲೇ. ಅವನ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಹೋಗಿ ಮುಟ್ಟುತ್ತದೆ. ಮನುಷ್ಯ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ಅದರ ಮೇಲೆ ದಾಳ ಹರವಿ ಕೂರುತ್ತಾನೆ. ಆಡಲು ಮೂವರು. ಕೆಳಗಿನ ಮನೆಯ ಮರಾಠಿ ಮನುಷ್ಯ ಒಬ್ಬ, ಅಳಿಯನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯ ಒಬ್ಬ, ಮತ್ತು ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು. ನಾಲ್ಕನೆಯ ಕುರ್ಚಿ ಬೇರೆ ಊರಿಗೆ ವರ್ಗವಾಗಿ ಹೋದ ಯಾರದೋ. ಅದು ಖಾಲಿ.

ಮೊದಲ ಭಾನುವಾರ ನನಗೆ ತಿಳಿದದ್ದು ಒಂದೇ. ಈ ಜನ ಕೂತಲ್ಲಿಂದ ಏಳುವುದಿಲ್ಲ, ಚಹಾ ಮಾತ್ರ ಕೇಳುತ್ತಾರೆ. ಒಬ್ಬ ರಾಕ್ಷಸ ಸತ್ತ, ಚಹಾ. ಒಂದು ಬಾಗಿಲು ತೆರೆಯಿತು, ಚಹಾ, ಜೊತೆಗೆ ಚೂಡಾ. ಮಗಳು ಕಾಲು ಚಾಚಿ ದಿವಾನದ ಮೇಲೆ ಮಲಗಿದ್ದಳು. ನಾನು ಅಡುಗೆಮನೆಗೂ ಮೇಜಿಗೂ ತಿರುಗಿ ತಿರುಗಿ ಮೊಣಕಾಲು ಹಿಡಿದುಕೊಂಡೆ. ಎರಡನೆಯ ಭಾನುವಾರ ಕಪ್ಪು ಇಟ್ಟು ಅಲ್ಲೇ ನಿಂತೆ, ಇವರು ಮಾಡುವುದಾದರೂ ಏನು ಅಂತ ನೋಡಿದೆ.

ಆಟ ಹೀಗೆ. ಒಬ್ಬ ನಡೆಸುತ್ತಾನೆ, ಅವನು ಅಳಿಯ. ಅವನ ಮುಂದೆ ರಟ್ಟಿನ ಮರೆ. ಹಾಳುಬಿದ್ದ ಕೋಟೆಯ ನೆಲಮಾಳಿಗೆಗೆ ಇಳಿದಿದ್ದೀರಿ, ಎದುರಿಗೆ ಬಾಗಿಲು, ಒಳಗೆ ಏನೋ ಉಸಿರಾಡುತ್ತಿದೆ, ಹೀಗೆ ಹೇಳುತ್ತ ಹೋಗುತ್ತಾನೆ. ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ವೇಷ. ಒಬ್ಬ ಕತ್ತಿಯವನು, ಒಬ್ಬ ಬಿಲ್ಲಿನವನು, ಮೊಮ್ಮಗಳು ಮಂತ್ರದವಳು. ತಾವು ಏನು ಮಾಡುತ್ತೇವೆ ಅಂತ ಅವರು ಬಾಯಿಂದ ಹೇಳಬೇಕು. ಆದದ್ದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

“ಅಜ್ಜೀ, ನಿಂತ್ಯಾಕ? ಕೂಡು, ಆಡು,” ಅಂದಳು ಮೊಮ್ಮಗಳು, ಖಾಲಿ ಕುರ್ಚಿ ಎಳೆದು.

“ನಾ ಕೂತ್ರ ನಿಮ್ಮ ಚಹಾ ಯಾವ ರಾಕ್ಷಸ ಮಾಡ್ತಾನ?”

ಎಲ್ಲರೂ ನಕ್ಕರು. ಮೊಮ್ಮಗಳು ನಗಲಿಲ್ಲ. ಆ ಹುಡುಗಿಗೆ ನನ್ನ ರಕ್ತ ಇದೆ. ಅವತ್ತೇ ಒಂದು ಕಾಯ್ದೆ ಹಾಕಿದಳು: ಆಟದಲ್ಲಿ ಯಾರು ಸಾಯುತ್ತಾರೋ ಅವರು ಎದ್ದು ಹೋಗಿ ಚಹಾ ಮಾಡಬೇಕು, ಆವತ್ತಿನ ಆಟ ಮುಗಿಯುವ ತನಕ ಅಡುಗೆಮನೆ ಅವರದು. ಮುಂದಿನ ಭಾನುವಾರ ಹೊಸ ವೇಷದಿಂದ ಬರಬೇಕು. ನಾನು ಆ ಕುರ್ಚಿಯ ಮೇಲೆ ಕೂತೆ.

ಹಳೆಯ ಕಾಲದ ಆಟ ಇದು. ಈಗ ಬಂದ ಹೊಸ ಆಟಗಳಲ್ಲಿ ಜನ ಇಷ್ಟು ಬೇಗ ಸಾಯುವುದಿಲ್ಲವಂತೆ. ಇದರಲ್ಲಿ ಪೆಟ್ಟಿಗೆ ಮುಟ್ಟಿದರೂ ಸಾಯುತ್ತಾರೆ, ಮುಟ್ಟದಿದ್ದರೂ ಸಾಯುತ್ತಾರೆ. ಕೆಳಗಿನ ಮನೆಯವನು ಮೊದಲು ಸತ್ತ. ಜನ್ಮದಲ್ಲಿ ಗ್ಯಾಸ್ ಹಚ್ಚಿದವನಲ್ಲ. ಅವನು ಒಲೆಯ ಮುಂದೆ ನಿಂತದ್ದು ಕೇಳಿ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ನೋಡಿದಳು. ಅವನ ಚಹಾ ಪಾತ್ರೆ ತೊಳೆದ ನೀರಿನ ಹಾಗೆ ಇತ್ತು. ನಾನು ಪೂರ್ತಿ ಕುಡಿದೆ. ಕೂತು ಕುಡಿದೆ. ಗಂಡಸು ಮಾಡಿ ತಂದುಕೊಟ್ಟ ಚಹಾವನ್ನು ಕುರ್ಚಿಯ ಮೇಲೆ ಕೂತು ಕುಡಿದದ್ದು ಅದೇ ಮೊದಲು.

ಹಾಗಾಗಿ ನನಗೆ ಆ ಆಟದಲ್ಲಿ ಬೇಕಾದದ್ದು ಬಂಗಾರವಲ್ಲ, ಕಿರೀಟವಲ್ಲ. ಬದುಕಿರುವುದು. ಬದುಕಿದ್ದಷ್ಟು ಹೊತ್ತು ಕುರ್ಚಿ ನನ್ನದು. ಸತ್ತರೆ ಮತ್ತೆ ಒಲೆ.

ಇನ್ನೊಂದು ಮಾತು ಆಗಲೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆಟ ನಡೆಸುವವನು ಸಾಯುವುದೇ ಇಲ್ಲ. ಅಳಿಯ ಒಂದು ದಿನವೂ ಚಹಾ ಮಾಡಲಿಲ್ಲ.

ನನಗೆ ಭರ್ಜಿ ಕೊಟ್ಟಿದ್ದರು. ಉದ್ದ ಕೋಲು, ತುದಿಗೆ ಮೊನೆ. ನನ್ನ ಕೆಲಸ ಬಾಗಿಲಲ್ಲಿ ನಿಲ್ಲುವುದು. ನಾನು ನಿಂತರೆ ಹಿಂದಿನವರು ಬಾಣ ಬಿಡುತ್ತಾರೆ, ಮಂತ್ರ ಹಾಕುತ್ತಾರೆ. ಚಂದ ನಡೆದಿತ್ತು. ಬೇರೆಯವರು ಸತ್ತು ಸತ್ತು ಎರಡೆರಡು ವೇಷ ಬದಲಿಸಿದರು. ನಾನು ಇದ್ದೆ.

ಜಗಳದ ಕಾಯ್ದೆಯನ್ನು ಮೊಮ್ಮಗಳೇ ನನಗೆ ತಿಳಿಸಿ ಹೇಳಿದ್ದಳು. ಪುಸ್ತಕ ಇಂಗ್ಲಿಷಿನದು, ಹಳೆಯ ಝೆರಾಕ್ಸ್, ಅಂಚು ಹರಿದದ್ದು. ಜಗಳ ಬಂದಾಗ ಮೊದಲು ಎಲ್ಲರೂ ತಾವು ಏನು ಮಾಡುತ್ತೇವೆ ಅಂತ ಹೇಳಬೇಕು. ಎಲ್ಲರದೂ ಆದಮೇಲೆ ಎರಡೂ ಕಡೆಗೆ ಒಂದೊಂದು ದಾಳ. ಹೆಚ್ಚು ಬಿದ್ದ ಕಡೆಯವರದು ಮೊದಲ ಪಾಳಿ. ಅವರು ನಡೆಯುವುದು, ಬಾಣ ಬಿಡುವುದು, ಮಂತ್ರ ಹಾಕುವುದು, ಕೈಗೆ ಕೈ ಹತ್ತುವುದು ಎಲ್ಲ ಮುಗಿಸಿದ ಮೇಲೆ ಸೋತ ಕಡೆಯವರ ಪಾಳಿ. ಬದುಕಿ ಉಳಿದಿದ್ದರೆ.

ಹೇಳುವುದು ಮೊದಲು, ದಾಳ ಆಮೇಲೆ. ಇದನ್ನು ನೆನಪಿಡಿ.

ಅಳಿಯ ಕೇಳುವಾಗ ಪಂಕ್ತಿಯಲ್ಲಿ ಬಡಿಸಿದ ಹಾಗೆ ಕೇಳುತ್ತಿದ್ದ. ಮೊದಲು ಕೆಳಗಿನ ಮನೆಯವನು, ಹೊರಗಿನವನಲ್ಲವೇ. ಆಮೇಲೆ ಗೆಳೆಯ. ಆಮೇಲೆ ತನ್ನ ಮಗಳು, ಅಂದರೆ ನನ್ನ ಮೊಮ್ಮಗಳು. ಕಡೆಗೆ ಅತ್ತೆ. ನಾನೂ ಅದಕ್ಕೆ ಬೇಡ ಅನ್ನಲಿಲ್ಲ. ಬಂದವರದು ಆದಮೇಲೆ ಮನೆಯವರದು, ಅದು ನಮ್ಮ ಕೈಯಲ್ಲಿ ಹೊಕ್ಕುಬಿಟ್ಟ ರೀತಿ. ಮೊದಮೊದಲು “ಅತ್ತೀ, ನಿಮ್ದು?” ಅನ್ನುತ್ತಿದ್ದ. “ಬಾಗಲದಾಗ ನಿಲ್ಲತೇನ್ರಿ” ಅನ್ನುತ್ತಿದ್ದೆ. ಬರಬರುತ್ತ ಅವನೇ “ಅತ್ತಿ ಬಾಗಲದಾಗ” ಅಂದು ಮುಂದೆ ಹೋಗತೊಡಗಿದ. ಇನ್ನೂ ಬರಬರುತ್ತ ಅದನ್ನೂ ಅನ್ನುವುದು ಬಿಟ್ಟ.

ಆವತ್ತು ನೆಲಮಾಳಿಗೆಯ ಒಂದು ದೊಡ್ಡ ಕೋಣೆಯಿಂದ ನರಿಮೋರೆಯವರು ಹೊರಟುಬಂದರು. ಮೈ ಮನುಷ್ಯರದು, ಮೋರೆ ನರಿಯದು. “ಓಡಿ ಬರಲಿಕತ್ತಾರ, ಧಾವತ್ ಯೇತಾಯತ್,” ಅಂದ ಅಳಿಯ, ದನಿ ದಪ್ಪ ಮಾಡಿ. ಓಡಿ ಬರುತ್ತಾರೆ ಅಂದ ಕೂಡಲೇ ನನಗೆ ಖುಷಿಯಾಯಿತು. ಆ ವಾರವೇ ಮೊಮ್ಮಗಳು ಹೇಳಿದ್ದಳು. ಭರ್ಜಿಯ ಬುಡವನ್ನು ನೆಲಕ್ಕೆ ಊರಿ ಮೊನೆ ಮುಂದೆ ಮಾಡಿ ಹಿಡಿದರೆ, ಓಡಿ ಬಂದವನು ತಾನೇ ಬಂದು ಚುಚ್ಚಿಸಿಕೊಳ್ಳುತ್ತಾನೆ, ಪೆಟ್ಟು ಎರಡರಷ್ಟು. ಮಾತು ನಾಲಿಗೆಯ ಮೇಲೆ ಇಟ್ಟುಕೊಂಡು ಕೂತೆ. ಅಳಿಯ ಕೆಳಗಿನವನನ್ನು ಕೇಳಿದ, ಗೆಳೆಯನನ್ನು ಕೇಳಿದ, ಮೊಮ್ಮಗಳನ್ನು ಕೇಳಿದ. ನಾನು ಬಾಯಿ ತೆರೆದೆ. ಅವನು ದಾಳ ಉರುಳಿಸಿದ.

ಅವರಿಗೆ ಐದು. ನಮಗೆ ಎರಡು.

ಇಬ್ಬರು ನರಿಮೋರೆಯವರು ಬಂದು ನನ್ನ ಮೇಲೆ ಬಿದ್ದರು. ಬಾಗಿಲಲ್ಲಿ ನಿಂತವಳು ನಾನೇ ಅಲ್ಲವೇ. ಅಳಿಯ ಮರೆಯ ಹಿಂದೆ ದಾಳ ನೋಡಿದ, ಮೂಗು ತಿಕ್ಕಿದ. “ಅತ್ತೀ, ನೀವು ಸತ್ರಿ.”

“ಹೆಂಗ ಸತ್ತೆ? ನನ್ನ ಭರ್ಜಿ ಇಷ್ಟುದ್ದ ಐತಿ, ಅವರ ಕತ್ತಿ ಗೇಣುದ್ದ. ಅವರದು ನನಗ ಮುಟ್ಟೂಕಿಂತ ಮೊದಲ ನಂದು ಅವರಿಗೆ ಮುಟ್ಟಬೇಕಲ್ಲ?”

“ಪಾಳಿ ಅವರದು ಬಂದದ ಅಲ್ರಿ. ದಾಳ ಸೋತೀರಿ.”

“ಅಹೋ ಆಜೀ,” ಅಂದ ಕೆಳಗಿನ ಮನೆಯವನು, “ಉದ್ದ ಇದ್ದದ್ದು ಮೊದಲ ಅಂದ್ರ ನನ್ನ ಬಾಣ ಎಲ್ಲಾಕಿಂತ ಮೊದಲ ಹೋಗಬೇಕು. ಹಂಗಾದ್ರ ದಾಳ ಯಾಕ ಬೇಕು?”

ಅವನ ಕನ್ನಡ ಒರಟು, ಮಾತು ಮಾತ್ರ ನೇರ. ಮಾತು ನೇರ ಇದ್ದರೆ ಸಿಟ್ಟು ಇಳಿಯುತ್ತದೆಯೇ? ಏರಿತು. “ಪುಸ್ತಕ ಓದು,” ಅಂದೆ ಮೊಮ್ಮಗಳಿಗೆ. “ಭರ್ಜೀ ಬಗ್ಗೆ ಇದ್ದದ್ದೆಲ್ಲಾ ಓದು. ಕನ್ನಡದಾಗ ಹೇಳು.”

ಆಕೆ ಓದಿದಳು. ಒಂದು ಕಡೆ ಬರೆದಿತ್ತು, ಸೋತ ಕಡೆಯವರು ಗೆದ್ದವರದು ಮುಗಿಯುವ ತನಕ ಏನೂ ಮಾಡುವ ಹಾಗಿಲ್ಲ. ಅಳಿಯ ತಲೆ ಆಡಿಸಿದ. ಎಷ್ಟೋ ಪುಟ ಮುಂದೆ, ಆಯುಧಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಇತ್ತು. ಊರಿ ಹಿಡಿದ ಭರ್ಜಿ ಓಡಿ ಬರುವವನಿಗೆ ಅವನು ಹೊಡೆಯುವ ಮೊದಲೇ ತಾಗುತ್ತದೆ. ಈಗ ನಾನು ತಲೆ ಆಡಿಸಿದೆ. ಗೆಳೆಯ ಅಂದ, ಮೊದಲಿನದು ಎಲ್ಲದಕ್ಕೂ ಇರುವ ಕಾಯ್ದೆ, ಎರಡನೆಯದು ಅದರಿಂದ ಹೊರಗೆ ಬಿಟ್ಟದ್ದು. ಕೆಳಗಿನವನು ಅಂದ, ಇಲ್ಲ, ಎರಡನೆಯದು ನಮ್ಮ ಪಾಳಿ ಬಂದಾಗಿನ ಮಾತು. ಬರೆದವನು ಎಲ್ಲಿ ಕೂತು ಬರೆದನೋ, ಎರಡು ಕಡೆ ಎರಡು ಮಾತು ಇಟ್ಟು ಎದ್ದುಹೋಗಿದ್ದಾನೆ. ಹೊಡೆದಾಡುವವರು ನಾವು.

ಅಷ್ಟರಲ್ಲಿ ಅಳಿಯನಿಗೆ ದಾರಿ ಸಿಕ್ಕಿತು. “ಆತು, ಅತ್ತೀದು ಖರೆ ಅಂತ ಹಿಡಿಯೋಣ. ಆದ್ರ ಊರಿ ಹಿಡಿಬೇಕು ಅಂದ್ರ ದಾಳಕ್ಕಿಂತ ಮೊದಲ ಹೇಳಬೇಕು. ಅತ್ತಿ ಹೇಳೇ ಇಲ್ಲಲ್ಲಾ.”

ಆಗ ನನಗೆ ತಿಳಿಯಿತು, ನನ್ನ ಸಿಟ್ಟಿಗೆ ಕಾರಣ ಯಾವುದು ಅಂತ. ಭರ್ಜಿ ಅಲ್ಲ.

“ನೀವು ಕೇಳಿದ್ರೇನು?”

ಬೆರಳು ಮಾಡಿ ಒಬ್ಬೊಬ್ಬರನ್ನೇ ತೋರಿಸಿದೆ.

“ಇವರನ್ನ ಕೇಳಿದ್ರಿ. ಅವರನ್ನ ಕೇಳಿದ್ರಿ. ನಿಮ್ಮ ಮಗಳನ್ನ ಕೇಳಿದ್ರಿ. ನಾ ಬಾಯಿ ತಗದು ಕೂತಿದ್ದೆ, ಉರುಳಿಸಿಬಿಟ್ರಿ. ಹೇಳಿಲ್ಲ ಅಂತ ಈಗ ನನ್ನ ಮ್ಯಾಲೆ ಹಾಕ್ತೀರಿ?”

ನಮ್ಮಲ್ಲಿ ಅಳಿಯನ ಕೂಡ ಹೀಗೆ ಮಾತಾಡುವುದಿಲ್ಲ. ಅಳಿಯನ ಎದುರು ಅತ್ತೆ ಕುರ್ಚಿಯ ಮೇಲೆ ಕೂರುವುದೇ ಹೆಚ್ಚು. ನಮ್ಮ ಅವ್ವ ನನ್ನ ಗಂಡನ ಮುಂದೆ ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಿದ್ದಳು, ಅದೂ ನನ್ನ ಬಾಯಿಂದ. ದಿವಾನದ ಮೇಲಿಂದ ಮಗಳು “ಅವ್ವಾ!” ಅಂದಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

ಕೆಳಗಿನವನು “ಖೇಳಚ್ ಆಹೆ ನಾ, ಆಜೀ” ಅಂದ. ಆಟವಂತೆ. ಆಟವೇ ಆಗಿದ್ದರೆ ಹೋದ ವಾರ ತಾನು ಸತ್ತಾಗ ಆ ಮುಖ ಯಾಕೆ ಹಾಗೆ ಮಾಡಿಕೊಂಡಿದ್ದ?

ಅಳಿಯ ಕೈ ಎತ್ತಿದ. “ಇರಲಿ ಬಿಡ್ರಿ. ಅತ್ತಿ ಸತ್ತಿಲ್ಲ. ನಾ ಬಿಟ್ಟೀನಿ. ಒಂದು ಜೀವ ಉಳದದ ಅಂತ ಬರಕೊಳ್ಳಿ.”

ಇದು ಮಾತ್ರ ನನಗೆ ಸಾವಿಗಿಂತ ಕಡೆಯಾಯಿತು. ಸಣ್ಣ ಕೂಸು ಅತ್ತಾಗ ಬೆಲ್ಲದ ಚೂರು ಬಾಯಿಗೆ ಇಡುತ್ತಾರಲ್ಲ, ಹಾಗೆ. “ನೀವು ಬಿಡೂದು ಬ್ಯಾಡ,” ಅಂದೆ. “ಕಾಯ್ದೆ ಪ್ರಕಾರ ಬದುಕಿದ್ರ ಬದುಕತೇನಿ. ಇಲ್ಲಂದ್ರ ಸತ್ತೇನಿ. ನಿಮ್ಮ ದಯಾದಾಗ ನಿಲ್ಲಾಕ ನನಗ ಬಾಗಲ ಬ್ಯಾಡ.” ಎದ್ದೆ. ಸತ್ತವರು ಚಹಾ ಮಾಡಬೇಕು. ಒಲೆಗೆ ಹೋದೆ.

ಮಗಳು ಕೋಲು ಊರಿಕೊಂಡು ಕುಂಟುತ್ತ ಹಿಂದೆ ಬಂದಳು. “ಅವ್ವಾ, ಬುದ್ಧಿ ಐತೋ ಇಲ್ಲೋ? ನಾಳೆ ಅವರು ನನಗ ಅಂತಾರ, ನಿಮ್ಮವ್ವ ನಾಲ್ಕು ಮಂದ್ಯಾಗ ನನ್ನ ಮಾನಾ ಕಳದ್ಲು ಅಂತ.”

“ನಾಲ್ಕು ಮಂದ್ಯಾಗ ನನ್ನ ಕೊಂದ್ನಲ್ಲ, ಅದಕ್ಕೇನಂತೀ?”

“ದಾಳ ಅದು, ಅವ್ವಾ.”

“ದಾಳ ಅಲ್ಲ. ಕೈ.”

ಶುಂಠಿ ಜಜ್ಜಿದೆ. ಕಲ್ಲು ಒಡೆಯುವಷ್ಟು ಜಜ್ಜಿದೆ. ಚಹಾ ಸೋಸಿ ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ. ಆಗ ನನ್ನ ಕೈ ಮಾಡಿದ ಕೆಲಸ ನೋಡಿ. ನೆಟ್ಟಗೆ ಹೋಗಿ ಮೊದಲ ಕಪ್ಪನ್ನು ಅಳಿಯನ ಮುಂದೆ ಇಟ್ಟಿತು. ನಾನು ಇಡು ಅನ್ನಲಿಲ್ಲ. ಅದೇ ಇಟ್ಟಿತು. ಅವನೂ ನೋಡದೆಯೇ ತೆಗೆದುಕೊಂಡ. ನರಿಮೋರೆಯವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು. ಕತ್ತರಿಸಿ ಹಾಕೋಣ ಅನ್ನಿಸಿತು ಆ ಕೈಯನ್ನು.

ಮಗಳ ಪ್ಲಾಸ್ಟರ್ ಆ ವಾರವೇ ತೆಗೆದರು. ನಾನು ಸೀರೆ ಮಡಿಚಿ ಬಸ್ಸು ಹತ್ತಿದೆ. ಅಳಿಯ ಬಸ್ ಸ್ಟ್ಯಾಂಡಿನ ತನಕ ಸ್ಕೂಟರಿನಲ್ಲಿ ಬಿಟ್ಟ.

ನಾಸಿಕದಲ್ಲಿ ಮಗ ಕೇಳಿ ನಕ್ಕ. ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತ, “ಈ ವಯಸ್ಸಿನ್ಯಾಗ ದಾಳಕ್ಕ ಸಿಟ್ಟಾಗಿ ಬಂದೀಯಾ? ಮಂದೀಗೆ ಹೇಳಬ್ಯಾಡ,” ಅಂದ. ಅವನಿಗೆ ಎರಡು ದಿನ ಬರೀ ಸಪ್ಪಗಿನ ಸಾರು ಹಾಕಿದೆ.

ಮೊಮ್ಮಗಳು ಫೋನು ಮಾಡುತ್ತಲೇ ಇದ್ದಳು. “ಅಜ್ಜೀ, ಬಾಗಲ ಖಾಲಿ ಐತಿ. ಎಲ್ಲಾರೂ ಸಾಯಾಕತ್ತಾರ. ಚಹಾ ಕುಡದು ಕುಡದು ನನಗ ಆಸಿಡಿಟಿ.” ಬರುವುದಿಲ್ಲ ಅಂದೆ. ಮಗಳು ಫೋನಿನಲ್ಲಿ ಆಟದ ಸುದ್ದಿ ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದಳು.

ಒಂದು ದಿನ ಅಳಿಯನೇ ಫೋನು ಮಾಡಿದ. ಲಗ್ನವಾಗಿ ಇಷ್ಟು ವರ್ಷದಲ್ಲಿ ನನಗೆ ನೆಟ್ಟಗೆ ಫೋನು ಮಾಡಿದವನಲ್ಲ, ಯಾವಾಗಲೂ ಹೆಂಡತಿಯ ಕೈಯಿಂದ.

“ಅತ್ತೀ, ಪುಸ್ತಕ ಮತ್ತ ಓದೀನ್ರಿ. ಭರ್ಜೀದು ಎರಡೂ ಥರಾ ಆಗತದ. ಮುಂದ ನಿಮ್ಮ ಥರಾನ ಹಿಡಿಯೋಣ.”

“ಭರ್ಜಿ ಬಿಡ್ರಿ. ನನ್ನ ಕೇಳದ ಉರುಳಿಸಿದ್ರಲ್ಲಾ, ಯಾಕ? ಅದನ್ನ ಹೇಳ್ರಿ.”

ಅಳಿಯ ಅಂದ, “ನೀವು ಮನೀಯವರ ಅಲ್ಲೇನ್ರಿ. ಮನೀಯವರನ್ನ ಏನು ಕೇಳೂದು ಅಂತ...”

ಖರೆ ಹೇಳಿದ. ಬೇರೆ ಯಾರಾದರೂ ಆಗಿದ್ದರೆ ಮರೆತೆ ಅಂತ ಸುಳ್ಳು ಹೇಳುತ್ತಿದ್ದ. ಅದಕ್ಕೆ ಅವನಿಗೆ ಒಂದು ಅಂಕ ಕೊಟ್ಟೆ. ಸಿಟ್ಟಿನಲ್ಲಿ ಒಂದು ಕಾಳೂ ಕಡಿಮೆ ಮಾಡಲಿಲ್ಲ.

ಮನೆಯವಳು. ಓಝರ್‌ನ ಕ್ವಾರ್ಟರ್ಸ್ ಬಿಟ್ಟು ಸಾತಪುರದಲ್ಲಿ ಮನೆ ಹಿಡಿದಾಗ ನಮ್ಮವರು ಗೆಳೆಯರನ್ನೆಲ್ಲ ಕೇಳಿದರು. ನನಗೆ ಸಾಮಾನು ಕಟ್ಟು ಅಂದರು. ಮಗಳಿಗೆ ವರ ಗೊತ್ತು ಮಾಡುವಾಗ ಕಾಕಾನನ್ನು ಕೇಳಿದರು, ಸೋದರಮಾವನನ್ನು ಕೇಳಿದರು, ಪಕ್ಕದ ಮನೆಯವರನ್ನೂ ಕೇಳಿದರು. ನನಗೆ ಅವಲಕ್ಕಿ ಒಗ್ಗರಣೆ ಹಾಕು ಅಂದರು. ಆಗ ನನ್ನನ್ನು ಕೇಳಿದ್ದರೆ ಇವತ್ತು ಆ ಮೇಜಿನ ಹಿಂದೆ ಬೇರೆ ಯಾರೋ ಕೂತಿರುತ್ತಿದ್ದ. ನಾನು ಬೇಡ ಅನ್ನುತ್ತಿದ್ದೆ ಅಂತಲ್ಲ. ಏನನ್ನುತ್ತಿದ್ದೆನೋ ನನಗೇ ಗೊತ್ತಿಲ್ಲ, ಕೇಳಿದವರು ಯಾರಿದ್ದಾರೆ ಗೊತ್ತಾಗಲು?

“ಅಳಿಯಾರ,” ಅಂದೆ, “ನನ್ನನ್ನ ಮೊದಲ ಕೇಳ್ರಿ ಅನ್ನೂದಿಲ್ಲ. ಕಡೀಕ ಕೇಳ್ರಿ. ಆದ್ರ ನಾ ಬಾಯಿ ಮುಚ್ಚೂ ತನಕ ದಾಳ ನಿಮ್ಮ ಮುಷ್ಟ್ಯಾಗ ಇರಬೇಕು.”

“ಹೂಂ ರೀ.”

“ಹೂಂ ಅನ್ನೂದಲ್ಲ. ಎಲ್ಲಾರ ಮುಂದ ಹೇಳಬೇಕು. ಕಾಯ್ದೆ ಅಂತ.”

ಶನಿವಾರದ ಬಸ್ಸಿಗೆ ಹೋದೆ. ಭಾನುವಾರ ಹೊಸ ವೇಷ, ಮತ್ತೆ ಭರ್ಜಿ. ಅಳಿಯ ಕೂತ ಕೂಡಲೇ, ಕೆಳಗಿನವನ ಮುಖ ನೋಡುತ್ತ, ಇನ್ನು ಮೇಲೆ ಎಲ್ಲರದೂ ಬಾಯಿಂದ ಬಂದಮೇಲೆಯೇ ದಾಳ, ಇದು ಕಾಯ್ದೆ ಅಂದ. ನನ್ನನ್ನು ಮಾತ್ರ ನೋಡಲಿಲ್ಲ. ಗಂಡಸು ಸೋತದ್ದನ್ನು ಹೇಳುವಾಗ ಇನ್ನೊಬ್ಬ ಗಂಡಸಿನ ಕಡೆಗೇ ತಿರುಗಿ ಹೇಳುತ್ತಾನೆ.

ಅದೇ ಕೋಣೆ, ಅದೇ ನರಿಮೋರೆಯವರು. ಓಡಿ ಬಂದರು. ಕೆಳಗಿನವನದು ಆಯಿತು, ಗೆಳೆಯನದು ಆಯಿತು, ಮೊಮ್ಮಗಳದು ಆಯಿತು. “ಅತ್ತೀ, ನಿಮ್ದು?”

ಚೂಡಾ ಬಾಯಲ್ಲಿತ್ತು. ನುಣ್ಣಗೆ ಅಗಿದೆ. ಶೇಂಗಾದ ಸಿಪ್ಪೆ ಹಲ್ಲಿಗೆ ಸಿಕ್ಕಿತ್ತು, ತೆಗೆದೆ. ನೀರು ಕುಡಿದೆ. ಅವನು ಮುಷ್ಟಿಯಲ್ಲಿ ದಾಳ ಹಿಡಿದು ಕೂತಿದ್ದ. ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

“ಬಾಗಲದಾಗ ನಿಂತು, ಭರ್ಜಿ ನೆಲಕ್ಕ ಊರಿ, ಮೊನಿ ಮುಂದ ಮಾಡಿ ಹಿಡೀತೇನಿ,” ಅಂದೆ. “ಈಗ ಉರುಳಿಸ್ರಿ.”

ಅವರಿಗೆ ಆರು, ನಮಗೆ ಮೂರು. ಮೊದಲು ಬಂದವನು ನನ್ನ ಭರ್ಜಿಗೆ ಬಿದ್ದ, ಅಲ್ಲೇ ಸತ್ತ. ಎರಡನೆಯವನು ಬರುವಷ್ಟರಲ್ಲಿ ಸತ್ತವನ ಮೈಯಿಂದ ಭರ್ಜಿ ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ, ಪಾಳಿಯೂ ಅವರದೇ. ಅವನು ನನ್ನನ್ನು ಕೊಂದ.

ಎಲ್ಲರೂ ನನ್ನ ಮುಖ ನೋಡಿದರು. ಅಳಿಯ ಪುಸ್ತಕವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

“ಯಾಕ ನೋಡ್ತೀರಿ? ಸತ್ತೆ,” ಅಂದು ಎದ್ದೆ.

ಚಹಾ ಸೋಸಿ ತಂದೆ. ಅಳಿಯ ರೂಢಿಯ ಹಾಗೆ, ನೋಡದೆಯೇ ಕೈ ಚಾಚಿದ. ನನ್ನ ಕೈಯೂ ಆ ಕಡೆ ಹೊರಟಿತ್ತು, ಈ ಸಲ ಹಿಡಿದೆ. ಮೊದಲ ಕಪ್ಪನ್ನು ನನ್ನ ಕುರ್ಚಿಯ ಮುಂದೆ ಇಟ್ಟೆ. ಆಮೇಲೆ ಮೊಮ್ಮಗಳಿಗೆ, ದಿವಾನದ ಮೇಲಿದ್ದ ಮಗಳಿಗೆ, ಗೆಳೆಯನಿಗೆ, ಕೆಳಗಿನ ಮನೆಯವನಿಗೆ. ಅಳಿಯನ ಚಾಚಿದ ಕೈ ಅಲ್ಲೇ ಇತ್ತು.

“ಅತ್ತೀ, ನಂದು?”

“ಪಾಳಿ ಬರತೈತಿ,” ಅಂದೆ. “ತಡೀರಿ.”